ಒಂದೇ ಫೈಲು, ಮೂರು ಲೆಕ್ಕ: ಶೋಗ್ರೆನ್ಸ್ ರಿಪೋರ್ಟುಗಳನ್ನು ತಾಳೆ ನೋಡುವುದು ಹೇಗೆ

ಮನೆಗೆ ನೆಂಟರು ಬಂದರೆ ಈರುಳ್ಳಿ ಹೆಚ್ಚುವ ಕೆಲಸ ನನಗೇ ಮೀಸಲು. ಎರಡು ಕೆಜಿ ಹೆಚ್ಚಿದರೂ ಒಂದು ಹನಿ ಕಣ್ಣೀರಿಲ್ಲ. 'ಅವಳಿಗೆ ಕೊಡ್ರೇ, ಅವಳು ಅಳೋದೇ ಇಲ್ಲ' ಎಂದು ಅತ್ತೆ ಎಲ್ಲರ ಮುಂದೆ ಹೇಳುತ್ತಿದ್ದರು. ನನಗೂ ಒಳಗೊಳಗೇ ಜಂಬ. ಕಣ್ಣಲ್ಲಿ ನೀರೇ ಬತ್ತಿದೆ ಅಂತ ಗೊತ್ತಾಗುವ ಹೊತ್ತಿಗೆ ನನಗೆ 46 ವರ್ಷ.

ನಾನು ರಾಜಾಜಿನಗರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲೆಕ್ಕ ಬರೆಯುವವಳು. ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಆದರೆ ಎರಡು ಪುಸ್ತಕದ ಲೆಕ್ಕ ತಾಳೆ ಆಗದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಎರಡು ವರ್ಷದ ಹಿಂದೆ ಹಾಗೇ ಆಯಿತು. ಒಬ್ಬ ಡಾಕ್ಟರ್ ನನ್ನ ಫೈಲು ನೋಡಿ 'ಶೋಗ್ರೆನ್ಸ್ ಇದೆ' ಎಂದರು. ಇನ್ನೊಬ್ಬರು ಅದೇ ಫೈಲು ನೋಡಿ 'ಕ್ರೈಟೀರಿಯಾಗೆ ಬರಲ್ಲಮ್ಮ' ಎಂದರು. ಫೈಲಿನಲ್ಲಿ ಒಂದು ಹಾಳೆಯೂ ಬದಲಾಗಿರಲಿಲ್ಲ. ಒಬ್ಬರು ಈ ಕಾಯಿಲೆ ಗುರುತಿಸುವ 2002ರ ಪಟ್ಟಿ ಹಿಡಿದು ನೋಡಿದ್ದರು, ಇನ್ನೊಬ್ಬರು 2016ರ ಪಟ್ಟಿ ಹಿಡಿದು.

ಆಮೇಲೆ ನಾನು ಮಾಡಿದ ಕೆಲಸವನ್ನೇ ಇಲ್ಲಿ ಹಂತಹಂತವಾಗಿ ಹೇಳುತ್ತಿದ್ದೇನೆ. ನಿಮ್ಮ ಕೈಯಲ್ಲೂ ಇಂಥದ್ದೊಂದು ಫೈಲು ಇದ್ದರೆ ಒಂದು ಉದ್ದ ನೋಟ್‌ಬುಕ್ ತೆಗೆದುಕೊಂಡು ಕೂತುಕೊಳ್ಳಿ.

ಮೊದಲು ಒಂದು ಮಾತು ಸರಿಮಾಡಿಕೊಳ್ಳೋಣ. ಶೋಗ್ರೆನ್ಸ್ ಅಂದರೆ ನಮ್ಮ ದೇಹದ ಕಾವಲು ಪಡೆ ನಮ್ಮದೇ ಕಣ್ಣೀರಿನ ಗ್ರಂಥಿ, ಜೊಲ್ಲಿನ ಗ್ರಂಥಿಗಳ ಮೇಲೆ ಬೀಳುವ ಕಾಯಿಲೆ. ಹೆಂಗಸರಿಗೇ ಜಾಸ್ತಿ. ಹೆನ್ರಿಕ್ ಶೋಗ್ರೆನ್ ಎಂಬ ಸ್ವೀಡನ್ನಿನ ಕಣ್ಣಿನ ಡಾಕ್ಟರ್ 1933ರಲ್ಲಿ ಇದರ ಮೇಲೆ ದೊಡ್ಡ ಪ್ರಬಂಧ ಬರೆದರು, ಹೆಸರು ಅವರದೇ ಉಳಿಯಿತು. ಇದನ್ನು ಹೌದು ಅಥವಾ ಇಲ್ಲ ಅಂತ ಹೇಳುವ ಒಂದೇ ಒಂದು ಟೆಸ್ಟ್ ಇಲ್ಲ. ಅದಕ್ಕೇ ಹಲವು ಟೆಸ್ಟುಗಳನ್ನು ಕೂಡಿಸಿ ನೋಡುವ ಪಟ್ಟಿಗಳು ಬಂದವು. ನಾವು 'ಡಯಾಗ್ನೋಸಿಸ್ ಕ್ರೈಟೀರಿಯಾ' ಅಂತ ಕರೆಯುವ ಈ ಪಟ್ಟಿಗಳನ್ನು ನಿಜಕ್ಕೂ ಮಾಡಿದ್ದು ಸಂಶೋಧನೆಗೆ. ಬೆಂಗಳೂರಿನ ರೋಗಿ, ಟೋಕಿಯೋದ ರೋಗಿ ಇಬ್ಬರನ್ನೂ ಒಂದೇ ಅಧ್ಯಯನಕ್ಕೆ ಸೇರಿಸಬೇಕಾದರೆ ಇಬ್ಬರಿಗೂ ಒಂದೇ ಸೇರು, ಒಂದೇ ಪಾವು ಬೇಕಲ್ವಾ? ಅದಕ್ಕೆ. ಡಾಕ್ಟರು ಅದನ್ನೇ ದಾರಿಗೋಲಾಗಿ ಬಳಸುತ್ತಾರೆ. ಆದರೆ ಪಟ್ಟಿಗೆ ಬರದವರಿಗೂ ಡಾಕ್ಟರು ಕಾಯಿಲೆ ಇದೆ ಅಂತ ಹೇಳಿ ಔಷಧಿ ಕೊಡಬಹುದು. ಇದು ಗೊತ್ತಿಲ್ಲದೆ ನಾನು ಒಂದು ತಿಂಗಳು ಸುಮ್ನೆ ಕೊರಗಿದೆ.

ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯಿರಿ

ಮೇಲೆ ಮೂರು ಕಾಲಂ: 2002, 2012, 2016. ಎಡಗಡೆ ಸಾಲುಗಳು: ಕಣ್ಣಿನ ತೊಂದರೆ, ಬಾಯಿಯ ತೊಂದರೆ, ಕಣ್ಣಿನ ಟೆಸ್ಟು, ಜೊಲ್ಲಿನ ಟೆಸ್ಟು, ರಕ್ತ, ತುಟಿಯ ಬಯಾಪ್ಸಿ. ಕೊನೆಗೆ ಒಂದು ಸಾಲು 'ಹೊರಗಿಡಬೇಕಾದ ಕಾರಣಗಳು'.

2002ರದು ಅಮೆರಿಕ ಮತ್ತು ಯುರೋಪಿನ ತಜ್ಞರು ಸೇರಿ ಮಾಡಿದ್ದು. ಆರು ಅಂಶ. ಆರರಲ್ಲಿ ನಾಲ್ಕು ಬರಬೇಕು, ಆ ನಾಲ್ಕರಲ್ಲಿ ರಕ್ತ ಅಥವಾ ಬಯಾಪ್ಸಿ ಒಂದಾದರೂ ಇರಲೇಬೇಕು. ಇಲ್ಲದಿದ್ದರೆ ನಮ್ಮ ಬಾಯಿಮಾತಿನ ಎರಡು ಅಂಶ ಬಿಟ್ಟು, ಟೆಸ್ಟಿನ ನಾಲ್ಕು ಅಂಶದಲ್ಲಿ ಮೂರು ಬಂದರೂ ಆಯಿತು.

2012ರದು ಅಮೆರಿಕದ ರುಮಟಾಲಜಿ ಕಾಲೇಜಿನದು, ಅಂದರೆ ಕೀಲುವಾತ, ಇಂಥ ಕಾಯಿಲೆಗಳನ್ನು ನೋಡುವ ಡಾಕ್ಟರುಗಳ ಸಂಘದ್ದು, ಸಿಕ್ಕಾ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಮೇಲೆ ನಿಂತದ್ದು. ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯೂ ಆ ಅಧ್ಯಯನದಲ್ಲಿ ಕೈಜೋಡಿಸಿತ್ತು. ಇದರಲ್ಲಿ ಮೂರೇ ಅಂಶ: ರಕ್ತ, ಬಯಾಪ್ಸಿ, ಕಣ್ಣಿನ ಬಣ್ಣದ ಟೆಸ್ಟು. ಮೂರರಲ್ಲಿ ಎರಡು ಬಂದರೆ ಸಾಕು. ಜೊಲ್ಲಿನ ಟೆಸ್ಟಿಗೆ ಇಲ್ಲಿ ಜಾಗವೇ ಇಲ್ಲ.

2016ರದು ಅಮೆರಿಕ ಮತ್ತು ಯುರೋಪಿನ ಎರಡು ದೊಡ್ಡ ಸಂಸ್ಥೆಗಳು ಕೂಡಿ ಮಾಡಿದ್ದು. ಇದು ಅಂಕದ ಲೆಕ್ಕ. ಬಯಾಪ್ಸಿಗೆ 3, ರಕ್ತದಲ್ಲಿ ಎಸ್‌ಎಸ್-ಎ ಎಂಬ ಆಂಟಿಬಾಡಿ ಸಿಕ್ಕರೆ 3, ಕಣ್ಣಿನ ಬಣ್ಣದ ಟೆಸ್ಟಿಗೆ 1, ಕಣ್ಣೀರು ಅಳೆಯುವ ಶಿರ್ಮರ್ ಟೆಸ್ಟಿಗೆ 1, ಜೊಲ್ಲಿನ ಅಳತೆಗೆ 1. ಒಟ್ಟು 4 ಬಂದರೆ ಪಾಸು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಇದೇ.

ಮೂರನ್ನೂ ಅಕ್ಕಪಕ್ಕ ಬರೆದಾಗ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಒಂದು. 2016ರಲ್ಲಿ 1 ಅಂಕದ ಮೂರೂ ಸಿಕ್ಕರೂ 3 ಮಾತ್ರ ಆಗುತ್ತದೆ. ಉಳಿದ ಎರಡು ಪಟ್ಟಿಯಲ್ಲೂ ಹೇಗೆ ಕೂಡಿಸಿ ನೋಡಿದರೂ ರಕ್ತ ಅಥವಾ ತುಟಿ, ಎರಡರಲ್ಲೊಂದು ಬೇಕೇ ಬೇಕು. ಕಣ್ಣು, ಬಾಯಿ ಎಷ್ಟೇ ಒಣಗಿದರೂ ಅದೊಂದರಿಂದಲೇ ಯಾವ ಪಟ್ಟಿಯಲ್ಲೂ ಪಾಸಾಗುವುದಿಲ್ಲ. ಎಸಿ ಆಫೀಸು, ಮುಟ್ಟು ನಿಲ್ಲುವ ವಯಸ್ಸು, ಸಕ್ಕರೆ ಕಾಯಿಲೆ, ಅಲರ್ಜಿ ಮಾತ್ರೆ, ಇವೆಲ್ಲವೂ ಒಣಗಿಸುತ್ತವಲ್ಲ. ನಾನೇ ಮೂರು ವರ್ಷ ಮೆಟ್ರೋ ಕೆಲಸದ ಧೂಳಿಗೆ ಬೈದುಕೊಂಡು ಕಣ್ಣು ತೊಳೆಯುತ್ತಿದ್ದೆ.

ಪ್ರಶ್ನೆಗಳನ್ನು ನಮ್ಮ ಊಟಕ್ಕೆ ಹೊಂದಿಸಿಕೊಳ್ಳಿ

ಕಣ್ಣಿಗೆ ಮೂರು ಪ್ರಶ್ನೆ. ಮೂರು ತಿಂಗಳಿಗಿಂತ ಜಾಸ್ತಿ ದಿನಾ ಕಣ್ಣು ಒಣಗಿ ಕಾಡಿದೆಯಾ? ಕಣ್ಣಲ್ಲಿ ಮರಳು ಬಿದ್ದ ಹಾಗೆ ಪದೇ ಪದೇ ಆಗುತ್ತದಾ? ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಕಣ್ಣೀರಿನ ಡ್ರಾಪ್ಸ್ ಹಾಕುತ್ತೀರಾ? ಒಂದಕ್ಕೆ ಹೌದು ಅಂದರೂ ಸಾಕು. ಇದು ಸುಲಭ.

ಬಾಯಿಯ ಪ್ರಶ್ನೆ ನಮ್ಮವರಿಗೆ ಕೈಕೊಡುತ್ತದೆ. 'ಒಣ ಪದಾರ್ಥ ನುಂಗಲು ನೀರು ಕುಡಿಯಬೇಕಾಗುತ್ತದಾ?' ಎಂದು ಕೇಳಿದಾಗ ನಾನು ಇಲ್ಲ ಎಂದೆ. ಸುಳ್ಳಲ್ಲ. ನಮ್ಮ ಮನೆಯಲ್ಲಿ ರಾತ್ರಿ ಮುದ್ದೆ, ಸೊಪ್ಪಿನ ಸಾರು. ಮುದ್ದೆಯನ್ನು ಯಾರಾದರೂ ಅಗಿಯುತ್ತಾರಾ? ಸಾರಿನಲ್ಲಿ ಅದ್ದಿ ನುಂಗುವುದು. ಮಧ್ಯಾಹ್ನ ಡಬ್ಬಿಯಲ್ಲಿ ಮೊಸರನ್ನ. ಬೆಳಿಗ್ಗೆ ಇಡ್ಲಿ ಇದ್ದರೆ ಚಟ್ನಿ ನೀರುನೀರಾಗಿ ಬೇಕು ಅಂತ ನಾನೇ ಮಾಡಿಕೊಳ್ಳುತ್ತಿದ್ದೆ. ಜೊಲ್ಲಿನ ಕೆಲಸವನ್ನು ಸಾರು, ಮಜ್ಜಿಗೆ ಮಾಡುತ್ತಿದ್ದವು. ನನಗೆ ಗೊತ್ತೇ ಆಗಿರಲಿಲ್ಲ.

ಗೊತ್ತಾದದ್ದು ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ. ಕಾರ್ತಿಕದ ಕೊನೆಯ ಸೋಮವಾರ, ಪ್ರತಿವರ್ಷ ಹೋಗುತ್ತೇವೆ. ಹುರಿದ ಕಡಲೆಕಾಯಿ ಬಿಡಿಸಿ ನಾಲ್ಕು ಬೀಜ ಬಾಯಿಗೆ ಹಾಕಿದೆ. ಅಗಿದೆ, ಅಗಿದೆ. ಹಿಟ್ಟು ಒಸಡಿಗೂ ಅಂಗುಳಕ್ಕೂ ಗೋಡೆಗೆ ಗಾರೆ ಮೆತ್ತಿದ ಹಾಗೆ ಅಂಟಿಕೊಂಡಿತು. ಇಳಿಯಲಿಲ್ಲ. ಜನರ ಮಧ್ಯೆ ಬೆರಳು ಹಾಕಿ ಕೆರೆದು ತೆಗೆಯಬೇಕಾಯಿತು. ನಾದಿನಿ ನಗುತ್ತಿದ್ದಳು, ನಾನೂ ನಕ್ಕೆ. ಮನೆಗೆ ಬರುವಾಗ ಮಾತ್ರ ಹೊಟ್ಟೆಯಲ್ಲಿ ಏನೋ ಕಸಿವಿಸಿ.

ಹಾಗಾಗಿ ನೀವು ಪ್ರಶ್ನೆಯನ್ನು ಹೀಗೆ ಕೇಳಿಕೊಳ್ಳಿ: ಒಂದು ಹಿಡಿ ಹುರಿಗಡಲೆಯನ್ನು, ಒಂದು ರಸ್ಕನ್ನು ಕಾಫಿಗೆ ಅದ್ದದೆ, ಒಂದು ಕೋಡುಬಳೆಯನ್ನು ನೀರಿಲ್ಲದೆ ತಿನ್ನಲು ಆಗುತ್ತದಾ? ಆ ಉತ್ತರವನ್ನು ಡಾಕ್ಟರಿಗೆ ಹೇಳಿ. ಮೂರು ತಿಂಗಳಿಗಿಂತ ಜಾಸ್ತಿ ದಿನಾ ಬಾಯಿ ಒಣಗಿದೆಯಾ ಅನ್ನುವುದು ಇನ್ನೊಂದು ಪ್ರಶ್ನೆ. ಕೆನ್ನೆಯ ಬುಡದ ಗ್ರಂಥಿ ಪದೇ ಪದೇ ಊದುತ್ತದಾ ಎಂದು 2002ರ ಪಟ್ಟಿ ಕೇಳುತ್ತದೆ. 2016ರಲ್ಲಿ ಪ್ರಶ್ನೆ ಐದೇ, ಅದರಲ್ಲಿ ಇದು ಇಲ್ಲ.

ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲಿದೆ. 2002ರಲ್ಲಿ ಕಣ್ಣಿನ ತೊಂದರೆಗೆ ಒಂದು, ಬಾಯಿಯ ತೊಂದರೆಗೆ ಒಂದು ಅಂತ ಎಣಿಕೆಗೆ ಸೇರುತ್ತದೆ. 2016ರಲ್ಲಿ ಇವು ಬಾಗಿಲು ಮಾತ್ರ. ಒಂದಕ್ಕೆ ಹೌದು ಅಂದರೆ ಒಳಗೆ ಬಿಡುತ್ತಾರೆ, ಆದರೆ ಅಂಕ ಸೊನ್ನೆ. ನೋಟ್‌ಬುಕ್ಕಿನಲ್ಲಿ 2016ರ ಕಾಲಂನಲ್ಲಿ ಟಿಕ್ ಹಾಕಿ, ಅಂಕ ಬರೆಯಬೇಡಿ. ನಾನು ಮೊದಲ ಸಲ ಇಲ್ಲೇ ತಪ್ಪಿ 2 ಕೂಡಿಸಿಕೊಂಡಿದ್ದೆ.

ಕಣ್ಣಿನ ಸಾಲು

ಶಿರ್ಮರ್ ಟೆಸ್ಟ್ ಅಂದರೆ ಬೆರಳಿಗಿಂತ ಸಣ್ಣ ಒಂದು ಕಾಗದದ ಪಟ್ಟಿ. 5 ಮಿಲಿಮೀಟರ್ ಅಗಲ, 35 ಉದ್ದ. ತುದಿ ಮಡಿಸಿ ಕೆಳರೆಪ್ಪೆಯ ಒಳಗೆ ಸಿಕ್ಕಿಸುತ್ತಾರೆ. ಐದು ನಿಮಿಷ ಕಣ್ಣು ಮುಚ್ಚಿ ಕೂತಿರಬೇಕು. ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ಕಾಗದ ನೋಡಿದವಳಿಗೆ ಆ ಕಾಗದ ಕಣ್ಣೊಳಗೆ ಚುಚ್ಚಿದಾಗ ಅದರ ಜಿಎಸ್‌ಎಂ, ಅಂದರೆ ಕಾಗದದ ತೂಕ, ಎಷ್ಟಿರಬಹುದು ಅಂತ ಯೋಚನೆ ಬಂತು. ಪಕ್ಕದ ಕುರ್ಚಿಯ ಹುಡುಗಿಗೆ ಕಾಗದ ತುದಿವರೆಗೆ ನೆನೆದು ಕೆನ್ನೆಗೆ ಇಳಿಯಿತು. ನನ್ನದು ಬಲಗಣ್ಣು 4 ಮಿಲಿಮೀಟರ್, ಎಡಗಣ್ಣು 9.

2002 ಮತ್ತು 2016, ಎರಡರಲ್ಲೂ ಗಡಿ ಒಂದೇ: ಐದು ನಿಮಿಷಕ್ಕೆ 5 ಮಿಲಿಮೀಟರ್ ಅಥವಾ ಕಡಿಮೆ. ಒಂದು ಕಣ್ಣಿಗೆ ಬಂದರೂ ಸಾಕು. ನನ್ನ ಎಡಗಣ್ಣು 9 ಅಂತ ನೋಡಿ ಸರಾಸರಿ ತೆಗೆಯಬೇಡಿ. ನಾನು ತೆಗೆದಿದ್ದೆ, ಅಭ್ಯಾಸಬಲ. 6.5 ಬಂದು, ಪಾಸಾಗಲಿಲ್ಲ ಅಂದುಕೊಂಡಿದ್ದೆ.

ಇನ್ನೊಂದು ಎಚ್ಚರ. ಇದನ್ನು ಮರಗಟ್ಟಿಸುವ ಡ್ರಾಪ್ಸ್ ಹಾಕದೆ ಮಾಡಬೇಕು. ಡ್ರಾಪ್ಸ್ ಹಾಕಿದರೆ ಕಾಗದದ ಚುಚ್ಚುವಿಕೆಗೆ ಬರುವ ನೀರು ಬರುವುದಿಲ್ಲ, ಅಳತೆ ಕಡಿಮೆ ತೋರಿಸುತ್ತದೆ. ಮೊದಲು ಹೋದ ಒಂದು ಕಡೆ ನನಗೆ 'ಉರಿಯದಿರಲಿ' ಅಂತ ಪ್ರೀತಿಯಿಂದಲೇ ಡ್ರಾಪ್ಸ್ ಹಾಕಿ ಟೆಸ್ಟ್ ಮಾಡಿದರು. ಬಲಗಣ್ಣು 1, ಎಡಗಣ್ಣು 3 ಬಂತು. ಆ ಹಾಳೆಯನ್ನು ನನ್ನನ್ನು ನೋಡುತ್ತಿದ್ದ ರುಮಟಾಲಜಿ ಮೇಡಂ ಪಕ್ಕಕ್ಕಿಟ್ಟರು. ಮೇಲೆ ಹೇಳಿದ 4 ಮತ್ತು 9 ಎರಡನೇ ಸಲದ್ದು. ರಿಪೋರ್ಟಿನಲ್ಲಿ 'ಅನಸ್ತೇಶಿಯಾ ಇಲ್ಲದೆ' ಎಂದು ಬರೆಸಿಕೊಳ್ಳಿ.

ಬಣ್ಣದ ಟೆಸ್ಟಿನಲ್ಲಿ ಎರಡು ಬಣ್ಣ. ಕಪ್ಪುಗುಡ್ಡೆಯ ಮೇಲಿನ ಗಾಜುಪೊರೆಗೆ ಹಳದಿ ಫ್ಲೋರಿಸಿನ್, ಬಿಳಿಗುಡ್ಡೆಗೆ ಹಸಿರು ಲಿಸಮೀನ್. ಒಣಗಿ ಕೆಟ್ಟ ಜಾಗ ಬಣ್ಣ ಹಿಡಿಯುತ್ತದೆ. ಚುಕ್ಕೆ ಎಣಿಸಿ ಅಂಕ ಕೊಡುತ್ತಾರೆ, ಒಂದು ಕಣ್ಣಿಗೆ ಹೆಚ್ಚೆಂದರೆ 12. ಇದಕ್ಕೆ ಓಎಸ್‌ಎಸ್ ಅನ್ನುತ್ತಾರೆ. 2012ರ ಪಟ್ಟಿಗೆ 3 ಬಂದರೆ ಸಾಕು. 2016ರಲ್ಲಿ 5 ಬೇಕು. ನನ್ನದು ಬಲಗಣ್ಣು 4, ಎಡಗಣ್ಣು 3. ನಡುಗಡಲಲ್ಲಿ ನಿಂತ ಹಾಗೆ!

ಇಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ವ್ಯಾನ್ ಬೈಸ್ಟರ್‌ವೆಲ್ಡ್ ಅಂತ ಇನ್ನೊಂದು ಹಳೆಯ ಅಳತೆ ಇದೆ, ಅದು 9ಕ್ಕೆ ಮುಗಿಯುತ್ತದೆ. 2002ರ ಪಟ್ಟಿ ಅದರಲ್ಲೇ 4 ಕೇಳುತ್ತದೆ. 2016 ಕೂಡ 'ಓಎಸ್‌ಎಸ್ 5, ಇಲ್ಲವೇ ಆ ಹಳೆಯದರಲ್ಲಿ 4' ಅನ್ನುತ್ತದೆ. ನನ್ನ ಓಎಸ್‌ಎಸ್ 4 ನೋಡಿ 'ಅಯ್ಯೋ, 4 ಇದೆಯಲ್ಲ' ಅಂತ ಖುಷಿಪಟ್ಟರೆ ಅದು ಇಂಚಿನ ಟೇಪಿನಲ್ಲಿ ಸೆಂಟಿಮೀಟರ್ ಓದಿದ ಹಾಗೆ. ರಿಪೋರ್ಟಿನಲ್ಲಿ ಅಂಕದ ಪಕ್ಕ ಯಾವ ಅಳತೆ ಅಂತ ಬರೆದಿದೆಯಾ ನೋಡಿ. 'ಡ್ರೈ ಐ, ಮಾಡರೇಟ್' ಅಂತಷ್ಟೇ ಬರೆದಿದ್ದರೆ ಮೂರು ಕಾಲಂನಲ್ಲೂ ಏನೂ ಬರೆಯಲು ಆಗುವುದಿಲ್ಲ. ವಾಪಸ್ ಹೋಗಿ ಕೇಳಿ.

ಜೊಲ್ಲು ಅಳೆಯುವ ಹದಿನೈದು ನಿಮಿಷ

ಇದಕ್ಕೆ ಯಂತ್ರ ಬೇಡ. ಬೆಳಿಗ್ಗೆ ಹೊತ್ತು, ಕನಿಷ್ಠ ಒಂದು ಗಂಟೆ ಏನೂ ತಿನ್ನದೆ, ಕುಡಿಯದೆ, ಹಲ್ಲುಜ್ಜದೆ ಇರಬೇಕು. ತಲೆ ಸ್ವಲ್ಪ ಬಗ್ಗಿಸಿ ಕೂತು, ಬಾಯಲ್ಲಿ ಊರುವ ಜೊಲ್ಲನ್ನು ಒಂದು ಟ್ಯೂಬಿಗೆ ಬಿಡುತ್ತಾ ಹೋಗುವುದು. ನುಂಗುವ ಹಾಗಿಲ್ಲ, ನಾಲಿಗೆ ಆಡಿಸಿ ಊರಿಸುವ ಹಾಗಿಲ್ಲ, ಹುಣಸೆಹಣ್ಣು ನೆನೆಯುವ ಹಾಗಂತೂ ಇಲ್ಲವೇ ಇಲ್ಲ. 15 ನಿಮಿಷಕ್ಕೆ 1.5 ಎಂಎಲ್ ಅಥವಾ ಕಡಿಮೆ ಬಂದರೆ 2002ರಲ್ಲಿ ಒಂದು ಅಂಶ. 2016ರಲ್ಲಿ ನಿಮಿಷಕ್ಕೆ 0.1 ಎಂಎಲ್ ಅಥವಾ ಕಡಿಮೆ ಅಂತ ಇದೆ. ಭಾಗಿಸಿ ನೋಡಿ, ಎರಡೂ ಒಂದೇ. 2002ರಲ್ಲಿ ಇದರ ಬದಲು ಗ್ರಂಥಿಯ ಸ್ಕ್ಯಾನ್ ಅಥವಾ ನಾಳದ ಎಕ್ಸ್‌ರೇ ಆದರೂ ನಡೆಯುತ್ತದೆ. 2016ರಲ್ಲಿ ಅವಕ್ಕೆ ಅಂಕ ಇಲ್ಲ.

ನನ್ನ ಮೊದಲ ಅಳತೆ 0.6 ಎಂಎಲ್. ನಾನು ಬರೆದುಕೊಂಡೂ ಆಯಿತು. ಮೇಡಂ ನನ್ನ ಮಾತ್ರೆಗಳ ಚೀಟಿ ನೋಡಿ ತಲೆ ಅಲ್ಲಾಡಿಸಿದರು. ತಲೆನೋವಿಗೆ ಬೇರೊಬ್ಬರು ರಾತ್ರಿ ಹೊತ್ತು ಅಮಿಟ್ರಿಪ್ಟಿಲೀನ್ ಕೊಟ್ಟಿದ್ದರು. ಅದು ಬಾಯಿ ಒಣಗಿಸುವುದರಲ್ಲಿ ನಿಸ್ಸೀಮ. ಕೊಟ್ಟ ಡಾಕ್ಟರ ಜೊತೆ ಮಾತಾಡಿ ನಿಧಾನಕ್ಕೆ ಬಿಡಿಸಿ, ಕೆಲವು ವಾರ ಬಿಟ್ಟು ಮತ್ತೆ ಅಳೆದಾಗ 1.3 ಬಂತು. ಗಡಿಯ ಒಳಗೇ ಇತ್ತು, ಆದರೆ 0.6 ಅಲ್ಲ. ಇಂಥ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಟೆಸ್ಟಿಗೆ ಹೋಗುವ ಮುಂಚೆ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಹೆಸರನ್ನು, ನೆಗಡಿಯ ಮಾತ್ರೆ ಸೇರಿಸಿ, ಒಂದು ಹಾಳೆಯಲ್ಲಿ ಬರೆದು ಕೊಡಿ ಸಾಕು.

ರಕ್ತದ ರಿಪೋರ್ಟ್: ಯಾವ ಸಾಲು ಎಣಿಕೆಗೆ

ಎಎನ್‌ಎ ಅಂದರೆ ನಮ್ಮದೇ ಜೀವಕೋಶದ ಮೇಲೆ ಬೀಳುವ ಆಂಟಿಬಾಡಿ ಹುಡುಕುವ ಟೆಸ್ಟ್. ಅದು ಪಾಸಿಟಿವ್ ಅಂತ ದಪ್ಪಕ್ಷರದಲ್ಲಿ ಬಂದರೆ ಎದೆ ಧಸಕ್ ಅನ್ನುತ್ತದೆ. 2002 ಮತ್ತು 2016ರ ಪಟ್ಟಿಯಲ್ಲಿ ಅದಕ್ಕೆ ಬೆಲೆಯೇ ಇಲ್ಲ. 2012ರಲ್ಲಿ ಮಾತ್ರ, ಎಎನ್‌ಎ 1:320 ಅಥವಾ ಹೆಚ್ಚಿದ್ದು ಜೊತೆಗೆ ಆರ್‌ಎ ಫ್ಯಾಕ್ಟರ್ ಎಂಬ ಇನ್ನೊಂದು ಆಂಟಿಬಾಡಿ ಕೂಡ ಪಾಸಿಟಿವ್ ಇದ್ದರೆ ರಕ್ತದ ಅಂಶ ಸಿಕ್ಕ ಹಾಗೆ.

ನಿಜವಾಗಿ ನೋಡಬೇಕಾದ್ದು ಇಎನ್‌ಎ ಪ್ರೊಫೈಲ್ ಎಂಬ ಇನ್ನೊಂದು ಹಾಳೆ, ಆಂಟಿಬಾಡಿಗಳನ್ನು ಒಂದೊಂದಾಗಿ ಹೆಸರಿಸಿ ನೋಡುವುದು. ಅದರಲ್ಲಿ ಒಂದರ ಕೆಳಗೊಂದು ಹತ್ತು ಹನ್ನೆರಡು ಹೆಸರು. ಎಸ್‌ಎಸ್-ಎ ಅಥವಾ ರೋ, ಎಸ್‌ಎಸ್-ಬಿ ಅಥವಾ ಲಾ. 2002 ಮತ್ತು 2012ರಲ್ಲಿ ಎರಡರಲ್ಲಿ ಯಾವುದು ಬಂದರೂ ಸರಿ. 2016ರಲ್ಲಿ ಎಸ್‌ಎಸ್-ಬಿಯನ್ನು ಕೈಬಿಟ್ಟರು. ಎಸ್‌ಎಸ್-ಎ ಇಲ್ಲದೆ ಬರೀ ಎಸ್‌ಎಸ್-ಬಿ ಬಂದವರಲ್ಲಿ ಕಾಯಿಲೆಯ ಬೇರೆ ಗುರುತುಗಳು ಅಷ್ಟಾಗಿ ಕಾಣಲಿಲ್ಲ ಅನ್ನುವುದು ಕಾರಣ. ನನ್ನದು ಎಸ್‌ಎಸ್-ಎ ನೆಗೆಟಿವ್, ಎಸ್‌ಎಸ್-ಬಿ ಪಾಸಿಟಿವ್. ನನ್ನ ಇಬ್ಬರು ಡಾಕ್ಟರು ಬೇರೆ ಬೇರೆ ಮಾತು ಹೇಳಿದ್ದು ಈ ಒಂದು ಸಾಲಿನಿಂದ.

ಕೆಲವು ಲ್ಯಾಬಿನ ಹಾಳೆಯಲ್ಲಿ ರೋ-52 ಅಂತ ಬೇರೆ ಸಾಲು ಇರುತ್ತದೆ. ಅದೊಂದೇ ಪಾಸಿಟಿವ್ ಇದ್ದರೆ ನೀವೇ 3 ಅಂಕ ಹಾಕಿಕೊಳ್ಳಬೇಡಿ. ಸ್ನಾಯುವಿನ ಉರಿಯೂತ, ಶ್ವಾಸಕೋಶದ ಕೆಲವು ಕಾಯಿಲೆಗಳಲ್ಲೂ ಅದು ಬರುತ್ತದೆ. ಪೆನ್ಸಿಲಿನಲ್ಲಿ ಬರೆದು ಡಾಕ್ಟರಿಗೆ ತೋರಿಸಿ.

ಈಗ ಕೂಡಿಸಿ

ನನ್ನ ಲೆಕ್ಕ ಹೀಗಾಯಿತು. 2002: ಕಣ್ಣಿನ ತೊಂದರೆ, ಬಾಯಿಯ ತೊಂದರೆ, ಶಿರ್ಮರ್, ಜೊಲ್ಲು, ರಕ್ತ. ಆರರಲ್ಲಿ ಐದು, ಅದರಲ್ಲಿ ರಕ್ತವೂ ಇದೆ. ಹೌದು. 2012: ರಕ್ತ ಮತ್ತು ಬಣ್ಣದ ಟೆಸ್ಟ್, ಮೂರರಲ್ಲಿ ಎರಡು. ಹೌದು. 2016: ಶಿರ್ಮರ್ 1, ಜೊಲ್ಲು 1, ಬಣ್ಣ 0, ರಕ್ತ 0. ಒಟ್ಟು 2. ಇಲ್ಲ.

ಈ ಹಾಳೆಯನ್ನು ಮೇಡಂ ಮುಂದೆ ಇಟ್ಟೆ. ಬೈಯುತ್ತಾರೇನೋ ಅಂದುಕೊಂಡಿದ್ದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿ, 'ಸರಿಯಾಗಿದೆ. ಖಾಲಿ ಇರೋದು ಒಂದೇ ಮನೆ, ಅಲ್ವಾ?' ಎಂದರು. ಬಯಾಪ್ಸಿ.

ಕೆಳತುಟಿಯ ಒಳಮೈಯಲ್ಲಿ ಸಣ್ಣ ಗಾಯ ಮಾಡಿ, ಅಕ್ಕಿಕಾಳಿಗಿಂತ ಸಣ್ಣ ನಾಲ್ಕೈದು ಗ್ರಂಥಿ ತೆಗೆಯುತ್ತಾರೆ. ಹಲ್ಲು ಕೀಳಿಸುವಷ್ಟೂ ನೋವಿಲ್ಲ. ಒಂದೆರಡು ಹೊಲಿಗೆ. ಕೆಲವರಿಗೆ ತುಟಿಯ ಆ ಜಾಗ ಜೋಮು ಹಿಡಿದ ಹಾಗೆ ಉಳಿಯುತ್ತದೆ, ಅದನ್ನು ಮೊದಲೇ ಕೇಳಿಕೊಳ್ಳಿ. ನನಗೆ ಎರಡು ತಿಂಗಳು ಇತ್ತು.

ಕಷ್ಟ ಬಂದದ್ದು ರಿಪೋರ್ಟಿನಲ್ಲಿ. 'ಕ್ರಾನಿಕ್ ಸಿಯಲಡಿನೈಟಿಸ್' ಅಂತ ಎರಡು ಸಾಲು, ಮುಗಿಯಿತು. ಅಂದರೆ ಹಳೆಯ ಉರಿಯೂತ ಇದೆ ಅಂತ. ಯಾರಿಗಿಲ್ಲ? ಮೂರು ಪಟ್ಟಿಯೂ ಕೇಳುವುದು ಫೋಕಸ್ ಸ್ಕೋರ್. ಬಿಳಿ ರಕ್ತಕಣಗಳು, ಲಿಂಫೋಸೈಟ್ ಅನ್ನುತ್ತಾರೆ, 50 ಅಥವಾ ಹೆಚ್ಚು ಒಂದು ಕಡೆ ಗುಂಪು ಕಟ್ಟಿದ್ದರೆ ಅದು ಒಂದು ಫೋಕಸ್. 4 ಚದರ ಮಿಲಿಮೀಟರ್ ಜಾಗಕ್ಕೆ ಅಂಥ ಗುಂಪು ಸರಾಸರಿ 1 ಅಥವಾ ಹೆಚ್ಚು ಇರಬೇಕು. ಎಣಿಸದೆ, ಜಾಗ ಅಳೆಯದೆ ಬರೆದ ರಿಪೋರ್ಟು ತೂಕ ಬರೆಯದ ಬಿಲ್ಲಿನ ಹಾಗೆ.

ನಾನು ಆ ಲ್ಯಾಬಿಗೆ ಹೋಗಿ ಅರ್ಜಿ ಬರೆದು ಸ್ಲೈಡು ಮತ್ತು ನನ್ನ ತುಟಿಯ ತುಂಡು ಕೂರಿಸಿದ್ದ ಮೇಣದ ಬ್ಲಾಕ್ ಕೇಳಿದೆ. ಮೂರು ದಿನ ಅಲೆದಾಡಿಸಿ ಕೊಟ್ಟರು. ಮೇಡಂ ಹೇಳಿದ ಇನ್ನೊಬ್ಬ ಪೆಥಾಲಜಿಸ್ಟ್ ಬ್ಲಾಕಿನಿಂದ ಹೊಸ ತುಂಡು ಕೊಯ್ದು ನೋಡಿದರು. ಗ್ರಂಥಿಯ ಜಾಗ 12 ಚದರ ಮಿಲಿಮೀಟರ್, ಗುಂಪು 5. ಐದನ್ನು ನಾಲ್ಕರಿಂದ ಗುಣಿಸಿ 12ರಿಂದ ಭಾಗಿಸಿ: 1.67. ಕ್ಯಾಲ್ಕುಲೇಟರ್ ಬೇಕಾಗಲಿಲ್ಲ. 2016ರ ಕಾಲಂನಲ್ಲಿ 3 ಬರೆದೆ. ಒಟ್ಟು 5.

ಆದ್ದರಿಂದ ಬಯಾಪ್ಸಿಗೆ ಮುಂಚೆಯೇ ಕೇಳಿ: ರಿಪೋರ್ಟಿನಲ್ಲಿ ಫೋಕಸ್ ಸ್ಕೋರ್ ಮತ್ತು ಗ್ರಂಥಿಯ ಅಳತೆ ಬರುತ್ತದಾ? ಇಲ್ಲ ಅಂದರೆ ಬೇರೆ ಕಡೆ ಕಳಿಸಿ ಅಂತ ಹೇಳಿ.

ಕೊನೆಯ ಸಾಲು, ಮತ್ತು ನಮ್ಮ ಚಿಕ್ಕಮ್ಮನ ಮಗಳು

ಹೊರಗಿಡುವ ಕಾರಣಗಳನ್ನು ಬೇಗ ಹೇಳಿಬಿಡುತ್ತೇನೆ. ತಲೆ, ಕುತ್ತಿಗೆಗೆ ರೇಡಿಯೇಷನ್ ಆಗಿದ್ದರೆ, ಹೆಪಟೈಟಿಸ್ ಸಿ, ಏಡ್ಸ್, ಅಂಗಾಂಗಗಳಲ್ಲಿ ಉರಿಯೂತದ ಗಂಟು ಕಟ್ಟುವ ಸಾರ್ಕಾಯಿಡೋಸಿಸ್ ಇದ್ದರೆ, ಮಜ್ಜೆ ಕಸಿಯ ನಂತರ ಕಸಿಯ ಕಣಗಳು ದೇಹದ ಮೇಲೇ ಬೀಳುವ ಜಿವಿಎಚ್‌ಡಿ ಇದ್ದರೆ ಪಟ್ಟಿಗೆ ಸೇರಿಸುವುದಿಲ್ಲ. ಹೆಪಟೈಟಿಸ್ ಸಿ ಈಗಲೂ ಸಕ್ರಿಯವಾಗಿದೆಯಾ ಅಂತ ಪಿಸಿಆರ್ ಮಾಡಿ ನೋಡಬೇಕು ಅನ್ನುತ್ತದೆ 2016. ಗ್ರಂಥಿಗಳನ್ನು ಊದಿಸುವ ಐಜಿಜಿ-4 ಎಂಬ ಇನ್ನೊಂದು ಕಾಯಿಲೆ 2002ರ ಪಟ್ಟಿಯಲ್ಲಿ ಇರಲಿಲ್ಲ, ಆಮೇಲೆ ಸೇರಿತು. ಮೊದಲೇ ಇದ್ದ ಲಿಂಫೋಮಾ, ಅಂದರೆ ಲಿಂಫೋಸೈಟ್ ಕಣಗಳ ಕ್ಯಾನ್ಸರ್, 2002ರಲ್ಲಿ ಇತ್ತು, 2016ರಲ್ಲಿ ಇಲ್ಲ.

ನನ್ನ ಲೆಕ್ಕ ನೋಡಿ 2016ರದು ಬರೀ ಬಿಗಿ ಪಟ್ಟಿ ಅಂದುಕೊಳ್ಳಬೇಡಿ. ಕೋಲಾರದ ಕಡೆಯ ನಮ್ಮ ಚಿಕ್ಕಮ್ಮನ ಮಗಳಿಗೆ 29. ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲು ಕಾಲೇ ಬರಲಿಲ್ಲ. ಲಕ್ವ ಹೊಡೆಯಿತು ಅಂತ ಮನೆಯವರೆಲ್ಲ ಅತ್ತು, ಬೆಂಗಳೂರಿಗೆ ಕರೆತಂದರು. ನೋಡಿದರೆ ರಕ್ತದಲ್ಲಿ ಪೊಟ್ಯಾಸಿಯಂ ತೀರಾ ಇಳಿದು 2.1. ಕಿಡ್ನಿಯಿಂದ ಸೋರಿ ಹೋಗುತ್ತಿತ್ತು. ಟ್ಯೂಬ್ಯುಲರ್ ಆಸಿಡೋಸಿಸ್ ಅಂದರು. ಅದರ ಬೆನ್ನು ಹತ್ತಿ ಹೋದಾಗ ಎಸ್‌ಎಸ್-ಎ ಪಾಸಿಟಿವ್, ಶಿರ್ಮರ್ 3. ಕಣ್ಣಿನ ಬಣ್ಣದ ಅಂಕ 2, ಜೊಲ್ಲು ಚೆನ್ನಾಗಿತ್ತು. 'ಬಾಯಿ ಒಣಗುತ್ತಾ?' ಎಂದರೆ 'ಇಲ್ಲಕ್ಕ' ಅನ್ನುತ್ತಾಳೆ. ಹುರಿಗಡಲೆ ಕೊಟ್ಟು ನೋಡಿದೆ, ಆರಾಮಾಗಿ ತಿಂದಳು.

ಅವಳ ಹಾಳೆಯನ್ನೂ ನಾನೇ ಬರೆದೆ. 2002: ತೊಂದರೆ ಸೊನ್ನೆ, ಟೆಸ್ಟಿನ ನಾಲ್ಕರಲ್ಲಿ ಎರಡೇ. ಇಲ್ಲ. 2012: ರಕ್ತ ಮಾತ್ರ. ಇಲ್ಲ. 2016ರ ಬಾಗಿಲಿನಲ್ಲಿ ಇನ್ನೊಂದು ಕಿಂಡಿ ಇದೆ. ಒಣಗುವಿಕೆ ಇಲ್ಲದಿದ್ದರೂ, ಕಾಯಿಲೆಯ ಚುರುಕು ಅಳೆಯುವ ಎಸ್ಡಾಯ್ ಎಂಬ ಹನ್ನೆರಡು ವಿಭಾಗದ ಪಟ್ಟಿಯಲ್ಲಿ ಕಿಡ್ನಿ, ನರ, ಶ್ವಾಸಕೋಶ, ರಕ್ತ ಅಂತ ಯಾವುದಾದರೂ ಒಂದು ಕಡೆ ಕಾಯಿಲೆಯ ಗುರುತು ಇದ್ದರೆ ಒಳಗೆ ಬರಬಹುದು. ಅವಳು ಆ ಕಿಂಡಿಯಿಂದ ಬಂದಳು. ಎಸ್‌ಎಸ್-ಎ 3, ಶಿರ್ಮರ್ 1, ಒಟ್ಟು 4. ಬಯಾಪ್ಸಿ ಇಲ್ಲದೆ ಪಾಸು. ಬಯಾಪ್ಸಿಗೆ ಮುಂಚೆ ನಾನು ಎರಡರಲ್ಲಿ ಪಾಸಾಗಿ ಒಂದರಲ್ಲಿ ಫೇಲು, ಅವಳು ಎರಡರಲ್ಲಿ ಫೇಲಾಗಿ ಒಂದರಲ್ಲಿ ಪಾಸು.

ನಿಮಗೆ ಮೊದಲೇ ಆಮವಾತ ಅಥವಾ ಲೂಪಸ್ ಇದ್ದರೆ 2002ರ ಲೆಕ್ಕ ಬೇರೆ. ಕಣ್ಣು ಅಥವಾ ಬಾಯಿಯ ಒಂದು ತೊಂದರೆ, ಜೊತೆಗೆ ಕಣ್ಣಿನ ಟೆಸ್ಟು, ಜೊಲ್ಲಿನ ಟೆಸ್ಟು, ಬಯಾಪ್ಸಿ ಈ ಮೂರರಲ್ಲಿ ಎರಡು. ರಕ್ತ ಎಣಿಕೆಗಿಲ್ಲ. ಅದಕ್ಕೆ ಬೇರೆ ಹಾಳೆ ಹಾಕಿ, ಇದರ ಜೊತೆ ಬೆರೆಸಬೇಡಿ.

ಇನ್ನು ಅಂಕ ಕೂಡಿಸುತ್ತಾ ಕೂರಬಾರದ ಸಂಗತಿಗಳು ಮೂರು. ಕೆನ್ನೆಯ ಗ್ರಂಥಿ ಊದಿ ಇಳಿಯದೆ ಹಾಗೇ ಉಳಿದರೆ, ಈ ಕಾಯಿಲೆಯಲ್ಲಿ ಲಿಂಫೋಮಾ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ ಇರುವುದರಿಂದ, ತಡಮಾಡದೆ ತೋರಿಸಿ. ಕೈಕಾಲು ಸೋತು ಬಿದ್ದರೆ ನೇರ ಎಮರ್ಜೆನ್ಸಿಗೆ. ಎಸ್‌ಎಸ್-ಎ ಪಾಸಿಟಿವ್ ಇರುವ ಹೆಣ್ಣುಮಗಳು ಬಸುರಿಯಾದರೆ, ಆಗುವ ಯೋಚನೆಯಲ್ಲಿದ್ದರೆ, ಹೆರಿಗೆ ಡಾಕ್ಟರಿಗೆ ಮೊದಲ ದಿನವೇ ಹೇಳಬೇಕು. ಈ ಆಂಟಿಬಾಡಿ ಹೊಟ್ಟೆಯಲ್ಲಿರುವ ಮಗುವಿನ ಎದೆಬಡಿತಕ್ಕೆ ಅಡ್ಡಿ ಮಾಡುವುದುಂಟು. ಚಿಕ್ಕಮ್ಮನ ಮಗಳಿಗೆ ಮುಂದಿನ ಮಾಘದಲ್ಲಿ ಮದುವೆ. ಅವಳ ಇಎನ್‌ಎ ಹಾಳೆಯ ಮೂರು ಜೆರಾಕ್ಸ್ ಮಾಡಿಸಿ ಒಂದನ್ನು ನನ್ನ ಬೀರುವಿನಲ್ಲಿ ಇಟ್ಟಿದ್ದೇನೆ, ಒಂದು ಅವಳ ಹತ್ತಿರ ಇದೆ, ಇನ್ನೊಂದನ್ನು ಮದುವೆಯಾಗುವ ಹುಡುಗನ ಕೈಗೆ ಅವಳೇ ಕೊಟ್ಟಳು.